ಗೊಂಬೆಯ ಭಾಗವನ್ನು ಮೊದಲು ಮುಗಿಸಬೇಡಿ

ಗೊಂಬೆಯೂ ನಟರೂ ಒಟ್ಟಿಗೆ ಬರುವ ಚಿತ್ರದಲ್ಲಿ ಸ್ಟಾಪ್ ಮೋಷನ್‌ಗೆ, ಅಂದರೆ ಗೊಂಬೆಯನ್ನು ಚೂರುಚೂರೇ ಕದಲಿಸಿ ಒಂದೊಂದೇ ಚಿತ್ರ ತೆಗೆದು ಜೋಡಿಸುವ ಕೆಲಸಕ್ಕೆ, ಹೆಚ್ಚು ಸಮಯ ಹಿಡಿಯುವುದರಿಂದ ಅದನ್ನು ಮೊದಲು ಮುಗಿಸಿ, ನಟರ ದೃಶ್ಯಗಳನ್ನು ಆಮೇಲೆ ಚಿತ್ರೀಕರಿಸುತ್ತೇನೆ, ಅದಕ್ಕೆ ಯಾವ ಕ್ಯಾಮೆರಾ ಒಳ್ಳೆಯದು ಎಂದು ಕೇಳಿದ್ದೀರಿ. ಕ್ಯಾಮೆರಾದ ಮಾತು ಹಾಗಿರಲಿ; ಇದೇ ಲೆಕ್ಕಾಚಾರದಿಂದ ನಾನು ಎರಡು ತಿಂಗಳ ಕೆಲಸವನ್ನು ಕಳೆದುಕೊಂಡಿದ್ದೇನೆ.

ನನ್ನ ಕಿರುಚಿತ್ರದಲ್ಲಿ ಗೇಣುದ್ದದ ಮಣ್ಣಿನ ಗೊಂಬೆಯೊಂದು ಮೇಜಿನ ಮೇಲೆ ನಿಂತು ಒಬ್ಬ ಹೆಂಗಸಿನೊಡನೆ ಜಗಳವಾಡಬೇಕಿತ್ತು. ಸೆಕೆಂಡಿಗೆ 12ರಂತೆ 40 ಸೆಕೆಂಡಿಗೆ 480 ಚಿತ್ರಗಳನ್ನು ತೆಗೆದೆ. ಗೊಂಬೆ ಚಿಕ್ಕದೆಂದು ಲೆನ್ಸನ್ನು ಅದರ ಕಣ್ಣಿನ ಮಟ್ಟಕ್ಕೆ ಇಳಿಸಿದ್ದೆ. ನಟಿಯನ್ನು ಮಾತ್ರ ಅವರ ಕಣ್ಣಿನ ಮಟ್ಟದಿಂದ ಚಿತ್ರೀಕರಿಸಿದೆ. ಎರಡನ್ನೂ ಜೋಡಿಸಿದಾಗ ಒಂದರಲ್ಲಿ ಮೇಜು ತೆಳ್ಳನೆಯ ಗೆರೆಯಾಗಿ, ಇನ್ನೊಂದರಲ್ಲಿ ಅಗಲವಾಗಿ ಹರಡಿಕೊಂಡು ಕಾಣುತ್ತಿತ್ತು. ಗೊಂಬೆಯನ್ನು ಎಲ್ಲಿ ಕೂರಿಸಿದರೂ ಅದರ ಪಾದ ಮೇಜಿಗೆ ತಾಗದೆ ತೇಲುತ್ತಿತ್ತು. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಅಭಿನಯಕ್ಕೆ. ಗೊಂಬೆ ಯಾವ ಕ್ಷಣದಲ್ಲಿ ತಿರುಗುತ್ತದೆ, ಎತ್ತ ನೋಡುತ್ತದೆ ಎಂಬುದೆಲ್ಲ ಆಗಲೇ ನಿಗದಿಯಾಗಿದ್ದರಿಂದ, ಆ ನಟಿ ನನ್ನ ಎಣಿಕೆಗೆ ಸರಿಯಾಗಿ ಸಿಟ್ಟಾಗಬೇಕಾಯಿತು, ಖಾಲಿ ಜಾಗದಲ್ಲಿ ನಾನು ಊಹಿಸಿದ್ದ ಬಿಂದುವಿಗೇ ಮುಖ ತರಬೇಕಾಯಿತು. ಒಳ್ಳೆಯ ನಟಿಯನ್ನು ನಾನೇ ಗೊಂಬೆಯಾಗಿಸಿದ್ದೆ.

ಆದ್ದರಿಂದ ನಟರನ್ನೇ ಮೊದಲು ಚಿತ್ರೀಕರಿಸಿ. ಸ್ಟಾಪ್ ಮೋಷನ್‌ಗೆ ಹೆಸರಾದ ಅಮೆರಿಕದ ರೇ ಹ್ಯಾರಿಹೌಸನ್ ಅವರೂ ನಟರ ದೃಶ್ಯವನ್ನು ಮೊದಲೇ ತೆಗೆದಿಟ್ಟುಕೊಂಡು, ಅದನ್ನು ಹಿಂದಿನ ಪರದೆಯ ಮೇಲೆ ಒಂದೊಂದೇ ಫ್ರೇಮ್ (ಬಿಡಿ ಚಿತ್ರ) ಮೂಡಿಸಿ, ಮುಂದೆ ಗೊಂಬೆಯನ್ನು ಕದಲಿಸುತ್ತಿದ್ದರು. ಈಗ ಡ್ರಾಗನ್‌ಫ್ರೇಮ್‌ನಂಥ ತಂತ್ರಾಂಶದಲ್ಲಿ ಆ ದೃಶ್ಯವನ್ನು ಫ್ರೇಮ್ ಫ್ರೇಮ್ ಆಗಿ ನೋಡುತ್ತಲೇ ಕೆಲಸ ಮಾಡಬಹುದು. ನಟರು ಎದ್ದು ಹೋದ ಮೇಲೆ ಕ್ಯಾಮೆರಾವನ್ನು ಅಲುಗಿಸದೆ ಖಾಲಿ ಮೇಜನ್ನು ಸ್ವಲ್ಪ ಹೊತ್ತು ಚಿತ್ರೀಕರಿಸಿ. ಬೆಳಕು ಬೀಳುವ ದಿಕ್ಕು ತಿಳಿಯಲು ಅಲ್ಲೊಂದು ಬೂದುಬಣ್ಣದ ಚೆಂಡನ್ನಿಟ್ಟು ತೆಗೆಯಿರಿ. ಲೆನ್ಸಿನ ಎತ್ತರ, ಓರೆ, ದೂರಗಳನ್ನು ಬರೆದಿಟ್ಟುಕೊಳ್ಳಿ; ಗೊಂಬೆಗೂ ಅವೇ ಇರಲಿ. ಗೊಂಬೆಯ ಸರದಿ ಬಂದಾಗ ಕಿಟಕಿಗಳನ್ನು ಮುಚ್ಚಿ, ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ) ಮತ್ತು ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಎರಡನ್ನೂ ಮ್ಯಾನ್ಯುಯಲ್‌ನಲ್ಲಿಡಿ, ಇಲ್ಲವಾದರೆ ಚಿತ್ರ ಮಿಣುಕುತ್ತದೆ. ಇಷ್ಟಕ್ಕೆ ಅವಕಾಶ ಕೊಡುವ ಯಾವ ಕ್ಯಾಮೆರಾವಾದರೂ ಸಾಕು.

ಎರಡನೆಯ ಸಲ ನಾನು ಹೀಗೆಯೇ ಮಾಡಿದೆ. ನಟಿ ತಮಗೆ ತೋಚಿದ ಕ್ಷಣದಲ್ಲಿ ಮೇಜನ್ನು ಗುದ್ದಿದರು. ಅವರ ಮುಷ್ಟಿ ತಾಗಿದ್ದು 31ನೆಯ ಫ್ರೇಮ್‌ನಲ್ಲಿ. 33ರಲ್ಲಿ ಗೊಂಬೆಯ ಮೊಣಕಾಲನ್ನು ಕೂದಲೆಳೆಯಷ್ಟು ಬಗ್ಗಿಸಿದೆ. ಆ ಹೆಂಗಸಿಗೆ ಗೊಂಬೆ ಹೆದರಿದ್ದು ಪರದೆಯ ಮೇಲೆ ಕಾಣಿಸಿತು.