ಉಪ್ಪುನೀರಿನ ಗದ್ದೆ

ಪ್ರಶ್ನೆ: ಮನುಷ್ಯ ಕಾಲಿಟ್ಟಲ್ಲೆಲ್ಲ ಪ್ರಕೃತಿ ಹಾಳಾಯಿತು ಎಂದೇ ಓದುತ್ತ ಬಂದಿದ್ದೇವೆ. ಮನುಷ್ಯರ ದುಡಿಮೆಯಿಂದಲೇ ಸಮೃದ್ಧವಾದ ಜಾಗ ನಮ್ಮ ರಾಜ್ಯದಲ್ಲಿ ಒಂದಾದರೂ ಇದೆಯೇ? – ಓದುಗರು, ದಾವಣಗೆರೆ

ಇದೆ. ಮಳೆಗಾಲದಲ್ಲಿ ಒಮ್ಮೆ ಕುಮಟಾ ತಾಲ್ಲೂಕಿನ ಮಾಣಿಕಟ್ಟಾಕ್ಕೆ ಹೋಗಿ ಬನ್ನಿ. ಶಿರಸಿಯ ಕಡೆ ಹುಟ್ಟಿ, ಅಣೆಕಟ್ಟಿನ ತಡೆಯಿಲ್ಲದೆ ಹರಿದು ಬರುವ ಅಘನಾಶಿನಿ ಹೊಳೆ ಅಲ್ಲಿ ಸಮುದ್ರದ ಭರತಕ್ಕೆ, ಅಂದರೆ ಉಬ್ಬರಕ್ಕೆ, ಎದುರಾಗುತ್ತದೆ. ಹೊಳೆ ಸಮುದ್ರ ಸೇರುವ ಆ ಅಳಿವೆಯ ಅಂಚಿನಲ್ಲಿ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಿಗೆ ಗಜನಿ ಎನ್ನುತ್ತಾರೆ. ಅಲ್ಲಿ ಬೆಳೆಯುವುದು ಕಗ್ಗ ಭತ್ತ. ಉಪ್ಪನ್ನೂ ನೆರೆಯನ್ನೂ ತಾಳುವ ತಳಿ. ನೆರೆ ಇಳಿದ ಮೇಲೆ ಎಲೆಗೆಲ್ಲ ಕೆಸರು ಮೆತ್ತಿಕೊಂಡೇ ಪೈರು ತಲೆಯೆತ್ತುವುದನ್ನು ನಾನು ನೋಡಿದ್ದೇನೆ. ಅದಕ್ಕೆ ಗೊಬ್ಬರ ಬೇಡ, ಔಷಧಿ ಬೇಡ. ಘಟ್ಟದಿಂದ ಹೊಳೆ ತರುವ ಮೆಕ್ಕಲು ಸಾಕು.

ಹಾಗಂತ ಇದು ತಾನಾಗಿ ಆದದ್ದಲ್ಲ. ಉಪ್ಪುನೀರು ತಡೆಯಲು ಊರವರೆಲ್ಲ ಸೇರಿ ಮಣ್ಣಿನ ಒಡ್ಡು ಹಾಕಿ, ವರ್ಷವರ್ಷವೂ ದುರಸ್ತಿ ಮಾಡುತ್ತಿದ್ದರು. ಮಳೆ ಉಪ್ಪು ತೊಳೆದ ಮೇಲೆ ಬಿತ್ತನೆ. ಕೊಯ್ಲಿನಲ್ಲಿ ಕತ್ತರಿಸುವುದು ತೆನೆ ಮಾತ್ರ, ಉದ್ದನೆಯ ಹುಲ್ಲು ಗದ್ದೆಯಲ್ಲೇ ಉಳಿಯುತ್ತದೆ. ಆಮೇಲೆ ಒಡ್ಡಿನ ಬಾಗಿಲು ತೆರೆದರೆ ಭರತದ ಜೊತೆ ಶೆಟ್ಲಿ (ಸಿಗಡಿ), ಮೀನಿನ ಮರಿ, ಏಡಿ ಒಳಗೆ ಬರುತ್ತವೆ. ಕೊಳೆತ ಹುಲ್ಲೇ ಅವಕ್ಕೆ ಮೇವು, ಅವನ್ನು ಹುಡುಕಿ ಹಕ್ಕಿಗಳ ಹಿಂಡು. ಅದೇ ಗದ್ದೆಯಲ್ಲಿ ಆರು ತಿಂಗಳು ಅಕ್ಕಿ, ಆರು ತಿಂಗಳು ಮೀನು! ಈ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಮಹತ್ವದ ಜೌಗುಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಗೆ, ಸೇರಿದಾಗ ನನಗೆ ತುಂಬ ಸಂತೋಷವಾಯಿತು. ಆ ಗೌರವದಲ್ಲಿ ಗಜನಿ ರೈತರಿಗೂ ಪಾಲಿದೆ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಕೆಟ್ಟದ್ದು ಎಲ್ಲಿ? 1970ರ ದಶಕದಲ್ಲಿ ಸರ್ಕಾರ ಕಲ್ಲಿನ ಕಾಯಂ ಒಡ್ಡು ಕಟ್ಟಿಸಿತು. ಉದ್ದೇಶ ಒಳ್ಳೆಯದೇ. ಆದರೆ ವರ್ಷಕ್ಕೊಮ್ಮೆ ಬುಟ್ಟಿ ಹಿಡಿದು ಒಟ್ಟು ಸೇರುವ ಕಾರಣವೇ ತಪ್ಪಿಹೋಯಿತು. ಮುಂದೆ ಸಿಗಡಿ ಕೃಷಿಯ ಆಸೆಗೆ ಎಷ್ಟೋ ಗದ್ದೆಗಳಲ್ಲಿ ವರ್ಷವಿಡೀ ಉಪ್ಪುನೀರು ನಿಂತಿತು. 1990ರ ದಶಕದಲ್ಲಿ ಬಿಳಿಚುಕ್ಕೆ ರೋಗ ಬಂದು ಸಿಗಡಿಯೂ ಕೈಕೊಟ್ಟಿತು. ಅಷ್ಟರಲ್ಲಿ ಕಗ್ಗದ ಬೀಜ ಇಟ್ಟುಕೊಂಡ ಮನೆಗಳೇ ಕಡಿಮೆಯಾಗಿದ್ದವು.

ಪ್ರಶ್ನೆ: ನಮ್ಮ ಅಜ್ಜನ ಗಜನಿ ಪಾಳು ಬಿದ್ದಿದೆ. ನಾನೊಬ್ಬನೇ ಕಗ್ಗ ಬೆಳೆಯಬಹುದೇ? – ಓದುಗರು, ಕುಮಟಾ

ಒಬ್ಬರೇ ಇಳಿಯಬೇಡಿ. ಸುತ್ತಲೆಲ್ಲ ಖಾಲಿ ಬಿದ್ದು ನಿಮ್ಮದೊಂದೇ ಗದ್ದೆಯಲ್ಲಿ ತೆನೆ ನಿಂತರೆ ಹಕ್ಕಿಗಳೆಲ್ಲ ಅಲ್ಲಿಗೇ ಬಂದಿಳಿಯುತ್ತವೆ. ಒಡ್ಡಿನ ಬಾಗಿಲು ಕೂಡ ಎಲ್ಲರಿಗೂ ಸೇರಿದ್ದು. ಪಕ್ಕದವರು ಉಪ್ಪುನೀರು ಬಿಟ್ಟುಕೊಂಡರೆ ನಿಮ್ಮ ಗದ್ದೆಗೂ ಅದೇ ಗತಿ. ಯುಗಾದಿಗೆ ಮುಂಚೆಯೇ ಅಕ್ಕಪಕ್ಕದ ಹಿಡುವಳಿದಾರರನ್ನು ಕೂರಿಸಿ ಮಾತಾಡಿ: ಬಾಗಿಲು ಯಾವಾಗ ಮುಚ್ಚುವುದು, ಯಾವಾಗ ತೆರೆಯುವುದು, ಮೀನಿನ ಪಾಲು ಹೇಗೆ. ನಾಲ್ಕು ಮನೆಯವರಾದರೂ ಒಪ್ಪಿದರೆ ಮಾಣಿಕಟ್ಟಾದ ರೈತರ ಹತ್ತಿರ ಬೀಜ ಕೇಳಿ. ಮೊದಲ ವರ್ಷದ ಫಸಲನ್ನೆಲ್ಲ ಊಟಕ್ಕೆ ಬಳಸದೆ ಬೀಜಕ್ಕೆ ಎತ್ತಿಡಿ.