ದಸ್ತಾವೇಜು ಬರಹಗಾರರು ಲಿನಕ್ಸ್‌ಗೆ ಹೋಗಬಹುದೇ?

ಪ್ರಶ್ನೆ: ಉಪನೋಂದಣಿ ಕಚೇರಿಯ ಎದುರು ದಸ್ತಾವೇಜು ಬರೆಯುವ ಕೆಲಸ ನನ್ನದು. ಕಂಪ್ಯೂಟರ್ ಆರನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್, ವಿಂಡೋಸ್ 10. ಇದಕ್ಕೆ ವಿಂಡೋಸ್ 11 ಕೂರುವುದಿಲ್ಲ, ಹೊಸದು ತಗೊಳ್ಳಿ ಎನ್ನುತ್ತಾರೆ ಅಂಗಡಿಯವರು. ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿ ಎನ್ನುತ್ತಾಳೆ ಮಗಳು. ಹಳೆಯ ಕ್ರಯಪತ್ರ, ವಿಭಾಗಪತ್ರಗಳೆಲ್ಲ ವರ್ಡ್‌ನಲ್ಲಿ, ನುಡಿ ಅಕ್ಷರದಲ್ಲಿವೆ. ಪ್ರಿಂಟರ್ ಕ್ಯಾನನ್ ಎಲ್‌ಬಿಪಿ 2900. ಏನು ಮಾಡಲಿ?

ಉತ್ತರ: ಲಿನಕ್ಸ್‌ಗೆ ಹೋಗಿ. ಆದರೆ ವಿಂಡೋಸ್ ಅಳಿಸುವ ಕೆಲಸ ಎಲ್ಲಕ್ಕಿಂತ ಕೊನೆಗಿರಲಿ. ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ವಿಂಡೋಸ್ 11 ಹೆಚ್ಚುಕಮ್ಮಿ ಎಂಟನೇ ತಲೆಮಾರಿನ ಇಂಟೆಲ್ ಪ್ರೊಸೆಸರಿನಿಂದ ಈಚೆಗಿನದನ್ನು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಹಾಗೆಂದು ನಿಮ್ಮ ಯಂತ್ರ ಗುಜರಿಗೆ ಹೋಗಬೇಕಿಲ್ಲ; ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿಗೆ ಅದು ಧಾರಾಳ ಸಾಕು. ಮಿಂಟ್ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಬರುತ್ತದೆ.

ನಿಮಗೆ ತೊಡಕಾಗುವುದು ಲಿನಕ್ಸ್ ಅಲ್ಲ, ಆ ಹಳೆಯ ನುಡಿ ಫೈಲುಗಳು. ಅವುಗಳಲ್ಲಿರುವುದು ಕಣ್ಣಿಗೆ ಮಾತ್ರ ಕನ್ನಡ. ಒಳಗೆ ಲ್ಯಾಟಿನ್ ಅಕ್ಷರ, ಚಿಹ್ನೆಗಳ ಸಂಕೇತಗಳಿದ್ದು, ಅವಕ್ಕೆ ನುಡಿ ಫಾಂಟ್ ಕನ್ನಡದ ವೇಷ ತೊಡಿಸಿರುತ್ತದೆ. ನುಡಿಯ ಟಿಟಿಎಫ್ (ಫಾಂಟ್) ಫೈಲುಗಳನ್ನು ಲಿನಕ್ಸ್‌ಗೆ ಹಾಕಿಕೊಂಡರೆ ಹಳೆಯ ಪತ್ರ ತೆರೆದು ಓದಬಹುದು, ಮುದ್ರಿಸಲೂಬಹುದು. ಹೊಸದಾಗಿ ಟೈಪ್ ಮಾಡುವಾಗ ಮಾತ್ರ, ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಕೊಡುವ ಯೂನಿಕೋಡ್‌ಗೆ ಬರಲೇಬೇಕು. ಬಂದರೆ ಲಾಭ ನಿಮಗೇ: ಸರ್ವೆ ನಂಬರ್ ಜೊತೆ ಹಳ್ಳಿಯ ಹೆಸರನ್ನೂ ಹುಡುಕಿದರೆ ಫೈಲ್ ಸಿಗುತ್ತದೆ.

ಹಾಗಾಗಿ ಈಗಿರುವ ವಿಂಡೋಸ್‌ನಲ್ಲೇ ವರ್ಡ್ ಬದಲಿಗೆ ಉಚಿತ ಲಿಬ್ರೆಆಫೀಸ್ ಹಾಕಿ, ನುಡಿ ತಂತ್ರಾಂಶದ ಟೈಪಿಂಗನ್ನು ಯೂನಿಕೋಡ್‌ಗೆ ತಿರುಗಿಸಿ, ಒಂದೆರಡು ತಿಂಗಳು ಕೆಲಸ ಮಾಡಿ. ಹಳೆಯದನ್ನೆಲ್ಲ ಪರಿವರ್ತಿಸಲು ಹೋಗಬೇಡಿ. ದಿನಬಳಕೆಯ ಮಾದರಿ ಪತ್ರಗಳಷ್ಟೇ ಸಾಕು, ಅದಕ್ಕೆ ಉಚಿತ ಪರಿವರ್ತಕಗಳಿವೆ. ಒಂದು ಎಚ್ಚರ: ಇಡೀ ಪತ್ರವನ್ನು ಒಟ್ಟಿಗೆ ಪರಿವರ್ತಕಕ್ಕೆ ಸುರಿದರೆ, ಇಂಗ್ಲಿಷಿನಲ್ಲಿದ್ದ ಪ್ಯಾನ್ ಸಂಖ್ಯೆಯ ಅಕ್ಷರಗಳೂ ಕನ್ನಡವಾಗಿ ಕಲಸಿಹೋಗುತ್ತವೆ. ಚೆಕ್ಕುಬಂದಿ, ವಿಸ್ತೀರ್ಣ, ಹೆಸರುಗಳನ್ನು ಮೂಲದೊಂದಿಗೆ ಸಾಲು ಸಾಲಾಗಿ ತಾಳೆ ನೋಡದೆ ಯಾರ ಸಹಿಗೂ ಕೊಡಬೇಡಿ.

ಲಿಬ್ರೆಆಫೀಸ್‌ನದೂ ಒಂದು ಕಿರಿಕಿರಿ ಇದೆ. ಅದು ಕನ್ನಡವನ್ನು ‘ಸಂಕೀರ್ಣ ಲಿಪಿ’ ಎಂದು ಬೇರೆಯಾಗಿ ಎಣಿಸುತ್ತದೆ. ಸ್ಟೈಲ್‌ನಲ್ಲಿ ಇಂಗ್ಲಿಷಿಗೊಂದು ಫಾಂಟ್, ಕನ್ನಡಕ್ಕೊಂದು ಫಾಂಟ್ ಇರುತ್ತದೆ. ಒಂದರ ಅಳತೆ ಬದಲಿಸಿ ಇನ್ನೊಂದನ್ನು ಬಿಟ್ಟರೆ ಸಾಲುಗಳು ಏರುಪೇರಾಗಿ, ಸಾಕ್ಷಿಗಳ ಸಹಿಯ ಜಾಗ ಮುಂದಿನ ಹಾಳೆಗೆ ಜಾರುತ್ತದೆ. ಕಾಗದದ ಅಳತೆ ‘ಲೆಟರ್’ ಎಂದಿದ್ದರೂ ಹಾಗೆಯೇ. ಎರಡನ್ನೂ ಮಾದರಿಯಲ್ಲಿ ಒಮ್ಮೆ ಸರಿಪಡಿಸಿ ಉಳಿಸಿಟ್ಟುಕೊಳ್ಳಿ.

ಬೆರಳುಗಳಿಗೆ ಹೊಸ ಪಾಠ ಬೇಕಿಲ್ಲ. ಲಿನಕ್ಸ್‌ನ ಟೈಪಿಂಗ್ ತಂತ್ರಾಂಶ ಐಬಸ್ ಜೊತೆ ಎಂ17ಎನ್ ಎಂಬ ಕೀಲಿಮಣೆಗಳ ಕಟ್ಟು ಹಾಕಿಕೊಂಡರೆ ಕೀಲಿಮಣೆಗಳ ಪಟ್ಟಿಯಲ್ಲಿ ಕೆಜಿಪಿ ಸಿಗುತ್ತದೆ, ಅಂದರೆ ನೀವು ನುಡಿಯಲ್ಲಿ ಬಳಸುತ್ತಿರುವ ವಿನ್ಯಾಸವೇ. ಒತ್ತಕ್ಷರಕ್ಕೆ ಅಲ್ಲೂ ಎಫ್ ಕೀಲಿಯೇ. ಗುಬ್ಬಿ, ನವಿಲು, ಲೋಹಿತ್ ಫಾಂಟುಗಳು ಮಿಂಟ್‌ನ ಸಾಫ್ಟ್‌ವೇರ್ ಭಂಡಾರದಲ್ಲೇ ಇವೆ.

ನಿಜಕ್ಕೂ ತಲೆನೋವು ಕೊಡಬಹುದಾದದ್ದು ಪ್ರಿಂಟರ್. ನಮ್ಮ ಕಡೆ ಎಷ್ಟೋ ಕಚೇರಿಗಳಲ್ಲಿ ಇದೇ 2900 ಕೂತಿದೆ. ಅದಕ್ಕೆ ಸಿಎಪಿಟಿ ಎಂಬ ಕ್ಯಾನನ್‌ನ ಸ್ವಂತ ಭಾಷೆ ಬೇಕು. ಲಿನಕ್ಸ್‌ಗೆ ಇರುವ ಚಾಲಕ ತಂತ್ರಾಂಶ (ಡ್ರೈವರ್) ಹಳೆಯದು, ಅನುಸ್ಥಾಪನೆ ತಾಳ್ಮೆ ಪರೀಕ್ಷಿಸುತ್ತದೆ. ಬಲ್ಲವರು ನಡೆಸುತ್ತಾರೆ, ಆದರೆ ಪಕ್ಷಗಾರರು ಎದುರು ಕೂತಿರುವಾಗ ಹಾಳೆ ಬರದಿದ್ದರೆ? ಪೆನ್‌ಡ್ರೈವ್‌ನಿಂದ ಮಿಂಟ್ ಚಾಲೂ ಮಾಡಿ ಪರೀಕ್ಷಿಸಿ. ಡಿಸ್ಕಿಗೆ ಏನೂ ಹಾಕಬೇಕಿಲ್ಲ. ಮುದ್ರಣ ಕೈಕೊಟ್ಟರೆ, ಹೊಸ ಕಂಪ್ಯೂಟರಿಗೆ ಸುರಿಯುವ ದುಡ್ಡಿನಲ್ಲಿ ಒಂದು ಪಾಲು ಖರ್ಚು ಮಾಡಿ ಲಿನಕ್ಸ್ ಒಪ್ಪುವ ಪ್ರಿಂಟರ್ ತಗೊಳ್ಳುವುದು ಮೇಲು.

ನೋಂದಣಿ ಇಲಾಖೆಯ ಕಾವೇರಿ 2.0 ಬ್ರೌಸರಿನಲ್ಲಿ ತೆರೆಯುವಂಥದ್ದು. ಅದನ್ನೂ, ನಿಮ್ಮ ಬಳಿ ಡಿಜಿಟಲ್ ಸಹಿಯ ಟೋಕನ್ ಇದ್ದರೆ ಅದನ್ನೂ ಅದೇ ಪೆನ್‌ಡ್ರೈವ್ ಪರೀಕ್ಷೆಯಲ್ಲಿ ನೋಡಿಬಿಡಿ. ಲೆಕ್ಕಕ್ಕೆ ಟ್ಯಾಲಿ ಬಳಸುತ್ತಿದ್ದರೆ ಅದು ವಿಂಡೋಸ್‌ಗೆ ಮಾಡಿದ ತಂತ್ರಾಂಶ, ಅದಕ್ಕಾಗಿ ವಿಂಡೋಸ್ ಉಳಿಸಿಕೊಳ್ಳುವುದೇ ಲೇಸು.

ಇಷ್ಟೆಲ್ಲ ಸರಿಹೋದ ಮೇಲೆ, ಫೈಲುಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲಿಸಿ, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಅದರ ಕೀಲಿ ಬರೆದಿಟ್ಟುಕೊಂಡು, ವಿಂಡೋಸ್ ಪಕ್ಕದಲ್ಲೇ ಮಿಂಟ್ ಹಾಕಿ. ಆಗ ವಿಂಡೋಸ್‌ನ ಗಡಿಯಾರ ಐದೂವರೆ ಗಂಟೆ ಹಿಂದೆ ಓಡಿದರೆ ಗಾಬರಿಯಾಗಬೇಡಿ. ಲಿನಕ್ಸ್ ಯಂತ್ರದ ಗಡಿಯಾರವನ್ನು ಜಾಗತಿಕ ಸಮಯಕ್ಕೆ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯವೆಂದು ಓದುತ್ತದೆ. ಲಿನಕ್ಸ್‌ನಲ್ಲಿ ಒಂದು ಆದೇಶ ಕೊಟ್ಟರೆ ಸರಿಹೋಗುತ್ತದೆ, ಮಗಳಿಗೆ ಹೇಳಿ.