ಪಿಕಪ್ ಇಲ್ಲ ಅಂದ ಕೂಡಲೇ ಟರ್ಬೊ ಬದಲಿಸಬೇಡಿ

ಪ್ರಶ್ನೆ: ಎಂಟು ವರ್ಷ ಹಳೆಯ ಡೀಸೆಲ್ ಸೆಡಾನ್ ತಗೊಂಡೆ. ಏರು ಬಂದರೆ ಎಳೆಯುವುದಿಲ್ಲ, ಕಪ್ಪು ಹೊಗೆ ಬೇರೆ. ಟರ್ಬೊ ಹೋಗಿದೆ ಅಂತಾರೆ ಮೆಕ್ಯಾನಿಕ್. ಬದಲಿಸಲಾ?

ಉತ್ತರ: ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಸಾಮಾನೇ ಟರ್ಬೊ. ಪೈಪ್ ಬಿಚ್ಚಿ ಅದನ್ನು ನೋಡಿದರಾ, ಇಲ್ಲ ಹೊಗೆ ನೋಡಿಯೇ ಹೇಳಿದರಾ? ಎರಡನೆಯದೇ ಇರಬೇಕು. ಈ ಪತ್ರ ತಿಂಗಳಿಗೆ ನಾಲ್ಕು ಸಲ ಬರುತ್ತದೆ.

ಕಪ್ಪು ಹೊಗೆ ಅಂದರೆ ಡೀಸೆಲ್‌ಗೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ ಅಂತ. ಟರ್ಬೊ ಒತ್ತಿದ ಗಾಳಿ, ಅದನ್ನು ತಣಿಸುವ ಇಂಟರ್‌ಕೂಲರ್ ದಾಟಿ ಇಂಜಿನ್‌ಗೆ ಬರುವ ದಾರಿಯಲ್ಲಿ ರಬ್ಬರ್ ಹೋಸ್‌ಗಳಿವೆ. ಹಳೆಯದಾದಂತೆ ಕ್ಲಿಪ್ ಹತ್ತಿರ, ಬಾಗಿದ ಕಡೆ ಸೀಳುತ್ತವೆ. ಐಡಲ್‌ನಲ್ಲಿ ಆ ಸೀಳು ಬಾಯಿ ಮುಚ್ಚಿಕೊಂಡಿರುತ್ತದೆ. ಏರಿನಲ್ಲಿ ಒತ್ತಡ ಬಿದ್ದರೆ ಬಾಯಿ ಬಿಡುತ್ತದೆ, ಬಾನೆಟ್ ಕೆಳಗೆ ಸುಯ್ ಅನ್ನುತ್ತದೆ. ಇಂಜಿನ್ ತಣ್ಣಗಾದ ಮೇಲೆ ಹೋಸ್ ಅಡಿಗೆ ಬೆರಳಾಡಿಸಿ. ಎಣ್ಣೆ ಜಿಡ್ಡಿಗೆ ಧೂಳು ಮೆತ್ತಿ ಒಂದೇ ಕಡೆ ಕಪ್ಪಾಗಿದ್ದರೆ ಅಲ್ಲೇ ಹುಡುಕಿ.

ಕೆಲಸ ಕಲಿಯುವ ಕಾಲದಲ್ಲಿ ನಾನೂ ಹೀಗೇ ಟರ್ಬೊ ಬದಲಿಸಿದ್ದೆ. ಹೊಗೆ ಹಾಗೇ ಬಂತು. ಕೊನೆಗೆ ಸಿಕ್ಕಿದ್ದು ಹೋಸ್‌ನಲ್ಲಿ ಬೆರಳುದ್ದದ ಸೀಳು. ಓನರ್ ಮುಖ ಇನ್ನೂ ಕಣ್ಣ ಮುಂದಿದೆ.

ಹೋಸ್ ಸರಿ ಇದ್ದರೆ ಏರ್ ಫಿಲ್ಟರ್, ಆಮೇಲೆ ಮಸಿ ಕಟ್ಟಿ ತೆರೆದೇ ನಿಂತಿರಬಹುದಾದ ಇಜಿಆರ್ ವಾಲ್ವ್ (ಸುಟ್ಟ ಹೊಗೆಯಲ್ಲಿ ಒಂದು ಪಾಲನ್ನು ಮತ್ತೆ ಇಂಜಿನ್‌ಗೆ ಬಿಡುವ ವಾಲ್ವ್). ಇಷ್ಟಾದ ಮೇಲೇ ಟರ್ಬೊ. ಗಾಳಿ ಒಳಹೋಗುವ ಪೈಪ್ ತೆಗೆದು ಶಾಫ್ಟ್ ಹಿಡಿದು ಅಲುಗಿಸಿ. ಪಕ್ಕಕ್ಕೆ ಸ್ವಲ್ಪ ಆಡಿದರೆ ಗಾಬರಿ ಬೇಡ, ಅದು ಎಣ್ಣೆಯಲ್ಲಿ ತೇಲುತ್ತಾ ತಿರುಗುವ ಶಾಫ್ಟ್. ಹಿಂದಕ್ಕೂ ಮುಂದಕ್ಕೂ ಆಡಿದರೆ, ಬ್ಲೇಡ್ ಗೋಡೆಗೆ ಉಜ್ಜಿದ್ದರೆ, ಹೋಗಿದೆ.

ಯಾಕೆ ಹೋಯಿತು ಅಂತಲೂ ಕೇಳಿ. ನಿಮಿಷಕ್ಕೆ 1 ಲಕ್ಷ ಸುತ್ತಿಗಿಂತ ಜಾಸ್ತಿ ತಿರುಗುವ ಸಾಮಾನು ಅದು. ಕೊಳೆ ಆಯಿಲ್, ಕಟ್ಟಿಕೊಂಡ ಆಯಿಲ್ ಪೈಪ್ ಹಾಗೇ ಬಿಟ್ಟರೆ ಹೊಸದನ್ನೂ ಅವೇ ತಿನ್ನುತ್ತವೆ. ಆಯಿಲ್ ಪೈಪ್ ಮಾತೇ ಎತ್ತದವರ ಕೈಗೆ ನಾನಾದರೆ ಕಾರು ಕೊಡುವುದಿಲ್ಲ.

ಪ್ರಶ್ನೆ: ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸಿದರೆ ಇಂಜೆಕ್ಟರ್ ಕ್ಲೀನ್ ಆಗುತ್ತದಂತೆ?

ಉತ್ತರ: ಇಂಜೆಕ್ಟರ್‌ಗೆ ಡೀಸೆಲ್ ಒತ್ತಿ ಕಳಿಸುವ ಹೈ ಪ್ರೆಶರ್ ಪಂಪ್‌ಗೆ ಜಾರಿಕೆ ಕೊಡುವುದೇ ಡೀಸೆಲ್. ಅದನ್ನು ತೆಳುಮಾಡಿ ಪಂಪ್ ಸವೆಸುವ ಈ ಉಪಾಯ ಹೇಳಿದವರ ಕಾರಿಗೇ ಮೊದಲು ಹಾಕಿಸಿ.

ಪ್ರಶ್ನೆ: ಆಯಿಲ್ ಲೆವೆಲ್ ತಾನಾಗೇ ಏರುತ್ತಿದೆ. ಒಳ್ಳೆಯದೇ ಅಲ್ವಾ?

ಉತ್ತರ: ಅಲ್ಲ! ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಇರುವ ಕಾರಲ್ಲಿ ಬರೀ ಹತ್ತಿರದ ಓಡಾಟ ಮಾಡಿದರೆ, ಮಸಿ ಸುಡಲು ಚಿಮ್ಮಿಸಿದ ಡೀಸೆಲ್ ಇಳಿದು ಆಯಿಲ್‌ಗೆ ಸೇರುತ್ತದೆ. ಇಂದೇ ಆಯಿಲ್ ಬದಲಿಸಿ.

ಪ್ರಶ್ನೆ: ಐಡಲ್‌ನಲ್ಲಿ ಗಡಗಡ ಸದ್ದು, ಕ್ಲಚ್ ಒತ್ತಿದರೆ ನಿಲ್ಲುತ್ತದೆ. ಇಂಜಿನ್ ಬಿಚ್ಚಬೇಕಾ?

ಉತ್ತರ: ಬೇಡ. ಇಂಜಿನ್ ನಡುಕ ತಗ್ಗಿಸುವ ಡ್ಯುಯಲ್ ಮಾಸ್ ಫ್ಲೈವೀಲ್ ಅಥವಾ ಗೇರ್‌ಬಾಕ್ಸ್ ಬೇರಿಂಗ್ ನೋಡಿಸಿ.